ನಾಲ್ಕು ಹಲ್ಲಿನ ವ್ಯತ್ಯಾಸ: ನಿಮ್ಮ ದಾರಿಗೆ ಒಪ್ಪುವ ಸರಳ ಗೇರ್ ಆರಿಸುವುದು ಹೇಗೆ

ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಅಕ್ಕನ ಮನೆ. ಅಕ್ಕನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುತ್ತಿದ್ದಳು. ಮುಂದೆ ಬುಟ್ಟಿ ಇರುವ, ಗೇರ್ ಇಲ್ಲದ ಸಾದಾ ಸೈಕಲ್. ಹಳ್ಳದ ಸೇತುವೆ ದಾಟಿದ ಕೂಡಲೇ ಒಂದು ಏರು. ದಿನಾ ಅಲ್ಲಿ ಇಳಿದು ತಳ್ಳಬೇಕು. ಗೇರ್ ಸೈಕಲ್ ಕೊಡಿಸೋಣ ಅಂತ ಮನೆಯಲ್ಲಿ ಮಾತು ನಡೆಯುತ್ತಿತ್ತು. ನಾನು ಹೋದಾಗ ಹಿಂದಿನ ಗಾಲಿಯ ಚಿಕ್ಕ ಹಲ್ಲಿನ ಚಕ್ರದ, ಅಂದರೆ ಫ್ರೀವೀಲ್‌ನ ಹಲ್ಲು ಎಣಿಸಿದೆ. 18 ಇತ್ತು. ಪೇಟೆಯಲ್ಲಿ ಹುಡುಕಿ 22 ಹಲ್ಲಿನದು ತಂದು ಹಾಕಿಸಿದೆವು. ಮುಂದಿನ ವಾರ ಫೋನ್ ಮಾಡಿದಾಗ ಅವಳು ಹೇಳಿದ್ದು ಇಷ್ಟು: "ಮಾವ, ಈಗ ಹಲಸಿನ ಮರದ ತನಕ ಇಳಿಯೋದೇ ಬೇಡ." ಹಲಸಿನ ಮರ ಬಂತು ಅಂದರೆ ಏರು ಮುಗಿದ ಹಾಗೇ.

ಆ ಫ್ರೀವೀಲ್‌ಗೆ ಕೊಟ್ಟ ದುಡ್ಡು ಒಂದು ಟಯರ್‌ನ ಬೆಲೆಗಿಂತ ಕಡಿಮೆ. ಹೊಸ ಸೈಕಲ್ ಬೇಕೇ ಆಗಲಿಲ್ಲ.

ಸೈಕಲ್ ಅಂಗಡಿಗೆ ಹೋದರೆ ಮೊದಲು ಬರುವ ಪ್ರಶ್ನೆ "ಗೇರಿಂದಾ, ಸಾದಾನಾ?" ಅಂತ. ಆಮೇಲೆ 7, 18, 21 ಅಂತ ಲೆಕ್ಕ ಶುರುವಾಗುತ್ತದೆ. ದಿನಾ ಕೆಲಸಕ್ಕೆ, ಕಾಲೇಜಿಗೆ, ತರಕಾರಿ ತರಲು ಸೈಕಲ್ ತುಳಿಯುವವರಿಗೆ ಈ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಎರಡು ಸಂಗತಿ. ನಿಮ್ಮ ದಾರಿಯ ಅತಿ ಕಷ್ಟದ ಏರಿಗೆ ಎಷ್ಟು ಹಗುರವಾದ ಗೇರ್ ಬೇಕು? ಸಮತಟ್ಟಾದ ಕಡೆ ಹಾಯಾಗಿ ಹೋಗಲು ಯಾವ ಗೇರ್ ಬೇಕು? ಈ ಎರಡು ಗೊತ್ತಾದರೆ ಯಾವ ಸೈಕಲ್, ಎಷ್ಟು ಗೇರ್ ಅನ್ನುವುದು ತಾನಾಗಿಯೇ ಹೊರಬರುತ್ತದೆ. ಅದನ್ನು ಕಂಡುಕೊಳ್ಳುವ ದಾರಿ ಮುಂದಿದೆ. ಒಂದು ಚಾಕ್‌ಪೀಸ್, ಒಂದು ಅಳತೆ ಟೇಪ್, ಮೊಬೈಲ್‌ನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಗಾಳಿ, ಸೀಟು, ಎಣ್ಣೆ

ಗೇರ್ ಬದಲಾಯಿಸುವ ಮೊದಲು ಇವನ್ನು ನೋಡಿಕೊಳ್ಳಿ. ಸೈಕಲ್ ಭಾರ ಅಂತ ಬೇಸರಪಡುವ ಎಷ್ಟೋ ಜನರ ಟಯರ್ ಹೆಬ್ಬೆರಳಿನಲ್ಲಿ ಒತ್ತಿದರೆ ಒಳಗೆ ಹೋಗುತ್ತಿರುತ್ತದೆ. ಟಯರ್‌ನ ಬದಿಯಲ್ಲಿ ಎಷ್ಟು ಗಾಳಿ ಬೇಕು ಅಂತ ಬರೆದಿರುತ್ತದೆ, ಅಷ್ಟು ಹಾಕಿಸಿ.

ಸೀಟು ತಗ್ಗಾಗಿದ್ದರೆ ಯಾವ ಗೇರೂ ಹಗುರ ಅನ್ನಿಸುವುದಿಲ್ಲ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುತ್ತದೆ, ಆಗ ಮೊಣಕಾಲು ಸ್ವಲ್ಪ ಮಾತ್ರ ಮಡಚಿರುತ್ತದೆ. ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು ಅಂತ ಸೀಟು ಇಳಿಸಿಕೊಂಡವರು ಒಂದು ವಾರ ಇದನ್ನು ಮಾಡಿ ನೋಡಿ. ಮೊಣಕಾಲು ನೋವು ಎಷ್ಟೋ ಕಡಿಮೆಯಾಗುತ್ತದೆ. ಚೈನ್ ಕಿರುಗುಟ್ಟುತ್ತಿದ್ದರೆ ಒರೆಸಿ ಎಣ್ಣೆ ಬಿಡಿ. ಇಷ್ಟಾದ ಮೇಲೂ ಏರು ಕಷ್ಟವಾದರೆ ಆಗ ಗೇರ್ ಕಡೆ ನೋಡೋಣ.

ಹಲ್ಲು ಎಣಿಸುವುದು

ಮುಂದಿನ ದೊಡ್ಡ ಚಕ್ರಕ್ಕೆ ಚೈನ್‌ವೀಲ್ ಅನ್ನುತ್ತೇವೆ, ಹಿಂದಿನ ಚಿಕ್ಕದಕ್ಕೆ ಫ್ರೀವೀಲ್. ಒಂದು ಹಲ್ಲಿಗೆ ಚಾಕ್‌ಪೀಸ್‌ನಿಂದ ಗುರುತು ಹಾಕಿ. ಪೆಡಲನ್ನು ಕೈಯಲ್ಲಿ ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತಾ, ಗುರುತು ಮತ್ತೆ ಬರುವ ತನಕ ಎಣಿಸಿ. ಎರಡು ಸಲ ಎಣಿಸಿ, ಒಂದು ಹಲ್ಲು ತಪ್ಪಿದರೂ ಲೆಕ್ಕ ಕೆಡುತ್ತದೆ. ಫ್ರೀವೀಲ್ ಮೇಲೆ ಕೆಲವೊಮ್ಮೆ ಸಂಖ್ಯೆ ಕೊರೆದಿರುತ್ತದೆ, ಎಣ್ಣೆಮಣ್ಣು ಒರೆಸಿದರೆ ಕಾಣುತ್ತದೆ.

ನನ್ನ ಹಳೆಯ ಕಪ್ಪು ಸೈಕಲ್‌ನಲ್ಲಿ ಮುಂದೆ 44, ಹಿಂದೆ 18. ಭಾಗಿಸಿದರೆ 2.44. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ 2.44 ಸುತ್ತು ತಿರುಗುತ್ತದೆ ಅಂತ ಅರ್ಥ. ಈ ಸಂಖ್ಯೆ ದೊಡ್ಡದಾದಷ್ಟೂ ವೇಗ ಜಾಸ್ತಿ, ತುಳಿಯುವುದು ಭಾರ. ಚಿಕ್ಕದಾದಷ್ಟೂ ಹಗುರ, ಆದರೆ ಕಾಲು ಬೇಗ ಬೇಗ ಆಡಿಸಬೇಕು.

ಒಂದು ಸುತ್ತಿಗೆ ಎಷ್ಟು ದೂರ?

ಹಲ್ಲಿನ ಲೆಕ್ಕ ಒಂದೇ ಸಾಲದು. 26 ಇಂಚಿನ ಗಾಲಿಗೂ 28 ಇಂಚಿನ ಗಾಲಿಗೂ ವ್ಯತ್ಯಾಸ ಇದೆಯಲ್ವಾ? ಅದಕ್ಕೇ ಗಾಲಿಯ ಸುತ್ತಳತೆಯನ್ನೂ ಸೇರಿಸಿಕೊಳ್ಳಬೇಕು. ಟಯರ್‌ಗೂ ಅದರ ಕೆಳಗಿನ ನೆಲಕ್ಕೂ ಚಾಕ್‌ಪೀಸ್‌ನಿಂದ ಗುರುತು ಹಾಕಿ. ಸೈಕಲನ್ನು ನೇರವಾಗಿ ತಳ್ಳಿ, ಟಯರ್ ಮೇಲಿನ ಗುರುತು ಮತ್ತೆ ನೆಲ ಮುಟ್ಟಿದ ಜಾಗದಲ್ಲಿ ಇನ್ನೊಂದು ಗೆರೆ ಎಳೆಯಿರಿ. ನಡುವಿನ ದೂರ ಅಳೆಯಿರಿ. 28 ಇಂಚಿನ ಹಳೆಯ ಸೈಕಲ್‌ಗೆ ಸುಮಾರು 2.2 ಮೀಟರ್ ಬರುತ್ತದೆ. 700ಸಿ ಟಯರ್ ಇರುವ ಈಗಿನ ಹೈಬ್ರಿಡ್ ಸೈಕಲ್‌ಗಳಿಗೆ 2.15ರ ಆಸುಪಾಸು. 26 ಇಂಚಿನದಕ್ಕೆ ಸುಮಾರು 2.05.

ಈಗ ಗುಣಿಸಿ. ನನ್ನ ಕಪ್ಪು ಸೈಕಲ್: 2.44 ಗುಣಿಸು 2.2, ಅಂದರೆ 5.4 ಮೀಟರ್. ಪೆಡಲ್ ಒಂದು ಸುತ್ತು ಹಾಕಿದರೆ ಸೈಕಲ್ 5.4 ಮೀಟರ್ ಮುಂದೆ ಹೋಗುತ್ತದೆ. ಈ ಬರಹದಲ್ಲಿ ಇದನ್ನು "ಸುತ್ತಿನ ದೂರ" ಅನ್ನುತ್ತೇನೆ. ಯಾವ ಸೈಕಲ್ಲನ್ನು ಯಾವ ಸೈಕಲ್ ಜೊತೆಗೂ ಹೋಲಿಸಲು ಈ ಒಂದು ಸಂಖ್ಯೆ ಸಾಕು.

ಇದರ ಹಿಂದೆ ಇನ್ನೊಂದು ವಿಷಯ ಇದೆ. ಅದನ್ನು ತಿಳಿದುಕೊಂಡ ದಿನ ನನಗೆ ಗೇರ್ ಪೂರ್ತಿ ಅರ್ಥವಾಯಿತು. ಪೆಡಲ್‌ನ ಕಡ್ಡಿ, ಅಂದರೆ ಕ್ರ್ಯಾಂಕ್, ಸಾಮಾನ್ಯವಾಗಿ 170 ಮಿಲಿಮೀಟರ್ ಉದ್ದ. ನಿಮ್ಮ ಪಾದ ಒಂದು ಸುತ್ತಿಗೆ ಸಾಗುವ ದೂರ ಸುಮಾರು 1.07 ಮೀಟರ್. ಅಷ್ಟರಲ್ಲಿ ಸೈಕಲ್ 5.4 ಮೀಟರ್ ಹೋಗಿರುತ್ತದೆ, ಅಂದರೆ ಪಾದಕ್ಕಿಂತ ಐದು ಪಟ್ಟು. ಹಾಗಾಗಿ ರಸ್ತೆ ನಿಮ್ಮನ್ನು ಎಷ್ಟು ಹಿಂದಕ್ಕೆ ಎಳೆಯುತ್ತದೋ ಅದರ ಐದು ಪಟ್ಟು ಪೆಡಲ್ ಮೇಲೆ ಬೀಳುತ್ತದೆ. ನೀವು, ಸೈಕಲ್, ಬ್ಯಾಗ್ ಸೇರಿ 90 ಕೆಜಿ ಅಂತಿಟ್ಟುಕೊಳ್ಳಿ. 100 ಮೀಟರ್‌ಗೆ 5 ಮೀಟರ್ ಏರುವ ರಸ್ತೆ. ಏರು ಹಿಂದಕ್ಕೆ ಎಳೆಯುವ ಭಾರ ನಾಲ್ಕೂವರೆ ಕೆಜಿ. 5.4 ಮೀಟರ್‌ನ ಗೇರಿನಲ್ಲಿ ಅದು ಪೆಡಲ್ ಮೇಲೆ ಸರಾಸರಿ 22–23 ಕೆಜಿ ಆಗುತ್ತದೆ. ಹಿಂದಿನ ಫ್ರೀವೀಲ್ 22 ಹಲ್ಲಿನದಾದರೆ ಸುತ್ತಿನ ದೂರ 4.4 ಮೀಟರ್, ಪೆಡಲ್ ಮೇಲಿನ ಭಾರ ಸುಮಾರು 18.5 ಕೆಜಿ. ಸುತ್ತಿನ ದೂರ 3 ಮೀಟರ್‌ಗೆ ಇಳಿದರೆ ಭಾರ 13 ಕೆಜಿಗಿಂತ ಕಡಿಮೆ. ಕಬ್ಬಿಣದ ಹಳೆಯ ಸೈಕಲ್ ಏರಿನಲ್ಲಿ ಸುಸ್ತು ಮಾಡಿಸುವುದಕ್ಕೆ ಅದರ ತೂಕವೊಂದೇ ಕಾರಣ ಅಲ್ಲ. ಹೆಚ್ಚಿನ ಕಷ್ಟ ಈ ಐದು ಪಟ್ಟಿನದು.

ನಿಮ್ಮ ಎರಡು ಸಂಖ್ಯೆ ಹುಡುಕಿ

ಇದು ಮುಖ್ಯವಾದ ಹೆಜ್ಜೆ. ಮನೆಯಲ್ಲಿ ಕೂತು ಆಗುವಂಥದ್ದಲ್ಲ.

ಗೆಳೆಯರ ಹತ್ತಿರ ಗೇರ್ ಸೈಕಲ್ ಇದ್ದರೆ ಒಂದು ದಿನಕ್ಕೆ ಕೇಳಿ. ಯಾವ ಬ್ರ್ಯಾಂಡ್ ಆದರೂ ಸರಿ. ನೀವು ದಿನಾ ಹೋಗುವ ದಾರಿಯಲ್ಲೇ, ದಿನಾ ಹೊರುವ ಬ್ಯಾಗ್ ಹೊತ್ತುಕೊಂಡೇ ಹೋಗಿ. ಖಾಲಿ ಬೆನ್ನಿನಲ್ಲಿ ಭಾನುವಾರ ಬೆಳಿಗ್ಗೆ ಹೋದರೆ ಸಿಗುವ ಸಂಖ್ಯೆ ಸೋಮವಾರಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಅತಿ ಕಷ್ಟದ ಏರಿನಲ್ಲಿ ಸೀಟಿನಿಂದ ಏಳದೆ, ಏದುಸಿರು ಬಿಡದೆ ಹತ್ತಲು ಆಗುವ ಗೇರ್ ಯಾವುದು ಅಂತ ನೋಡಿ. ಮೇಲೆ ಹೋಗಿ ನಿಂತು, ಚೈನ್ ಮುಂದೆ ಯಾವ ಚಕ್ರದ ಮೇಲಿದೆ, ಹಿಂದೆ ಯಾವುದರ ಮೇಲಿದೆ ನೋಡಿಕೊಂಡು ಫೋಟೋ ತೆಗೆಯಿರಿ. ಸಮತಟ್ಟಾದ ರಸ್ತೆಯಲ್ಲೂ ಹಾಗೇ ಮಾಡಿ. ಅಲ್ಲಿ ಕಾಲು ಎಷ್ಟು ವೇಗವಾಗಿ ಆಡುತ್ತಿದೆ ಅನ್ನುವುದೂ ಮುಖ್ಯ. ಬಲ ಮೊಣಕಾಲು ಅರ್ಧ ನಿಮಿಷದಲ್ಲಿ ಎಷ್ಟು ಸಲ ಮೇಲೆ ಬರುತ್ತದೆ ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 60ರಿಂದ 80 ಸುತ್ತು ಬಂದರೆ ದಿನಬಳಕೆಗೆ ಸರಿ. 50ಕ್ಕಿಂತ ಕಡಿಮೆಯಾದರೆ ಗೇರ್ ಭಾರವಾಗಿದೆ ಅಂತ ಅರ್ಥ, ಮೊಣಕಾಲಿಗೆ ಒಳ್ಳೆಯದಲ್ಲ. ಮನೆಗೆ ಬಂದು ಹಲ್ಲು ಎಣಿಸಿ ಎರಡಕ್ಕೂ ಸುತ್ತಿನ ದೂರ ಲೆಕ್ಕ ಹಾಕಿ.

ವೇಗ ಬೇಕಾದರೆ ಅದೂ ಸುಲಭ. ಸುತ್ತಿನ ದೂರವನ್ನು ನಿಮಿಷದ ಸುತ್ತುಗಳಿಂದ ಗುಣಿಸಿ, ಆಮೇಲೆ 0.06ರಿಂದ ಗುಣಿಸಿ. 5.4 ಮೀಟರ್, 60 ಸುತ್ತು: ಗಂಟೆಗೆ ಸುಮಾರು 19 ಕಿಲೋಮೀಟರ್. ಇನ್ನೊಂದು ತುದಿಯಲ್ಲಿ, ಸುತ್ತಿನ ದೂರ 2 ಮೀಟರ್ ಇದ್ದು 50 ಸುತ್ತು ತುಳಿದರೆ ಗಂಟೆಗೆ 6 ಕಿಲೋಮೀಟರ್. ಅದು ಜೋರಾಗಿ ನಡೆಯುವ ವೇಗ. ಅದಕ್ಕಿಂತ ಹಗುರದ ಗೇರ್ ಬೇಕು ಅನ್ನಿಸುವ ಏರಿನಲ್ಲಿ ಇಳಿದು ತಳ್ಳುವುದೇ ಸುಖ. ಅದರಲ್ಲಿ ಅವಮಾನ ಏನೂ ಇಲ್ಲ.

ರಾಯಚೂರು, ವಿಜಯಪುರದ ಕಡೆಯವರು "ನಮ್ಮಲ್ಲಿ ಏರೇ ಇಲ್ಲವಲ್ಲ" ಅನ್ನಬಹುದು. ಬಯಲುಸೀಮೆಯಲ್ಲಿ ಎದುರುಗಾಳಿಯೇ ಏರು. ಏರಾದರೆ ಒಂದು ಕಡೆ ಮುಗಿಯುತ್ತದೆ, ಗಾಳಿ ಊರು ಮುಟ್ಟುವ ತನಕ ಬಿಡುವುದಿಲ್ಲ. ಗಾಳಿ ಬೀಸುವ ದಿನವೇ ಪರೀಕ್ಷೆ ಮಾಡಿ. ಮಂಗಳೂರಿನ ಬಾವುಟಗುಡ್ಡೆ, ಕದ್ರಿ ಕಡೆಯವರಿಗೆ, ಮಡಿಕೇರಿಯವರಿಗೆ ಏರಿನ ಮಾತು ಹೇಳಬೇಕಾಗಿಯೇ ಇಲ್ಲ.

ಭಾಗಿಸಿ, ಆರಿಸಿ

ಸಮತಟ್ಟಿನ ಸಂಖ್ಯೆಯನ್ನು ಏರಿನ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರ ನಿಮ್ಮ ದಾರಿಯ ಹರವು. ಮುಂದಿನ ಗಡಿಗಳು ನಾನು ಹತ್ತಾರು ವರ್ಷ ತುಳಿದು ಕಂಡುಕೊಂಡವು. ಸ್ವಲ್ಪ ಆಚೀಚೆ ಆದರೂ ತೊಂದರೆ ಇಲ್ಲ.

ಉತ್ತರ 1.3ರ ಒಳಗಿದ್ದರೆ ಗೇರ್ ಇಲ್ಲದ ಸೈಕಲ್ ಸಾಕು, ಹಲ್ಲು ಮಾತ್ರ ಸರಿಯಾಗಿ ಆರಿಸಬೇಕು. ಎರಡು ಸಂಖ್ಯೆಗಳ ನಡುವೆ ಬರುವ ಹಾಗೆ, ಏರಿನ ಕಡೆಗೆ ಸ್ವಲ್ಪ ವಾಲಿಸಿ ಆರಿಸಿ. ಸಮತಟ್ಟಿನಲ್ಲಿ ಎರಡು ಕಿಲೋಮೀಟರ್ ವೇಗ ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ, ಏರಿನಲ್ಲಿ ನಿಂತುಬಿಟ್ಟರೆ ಗೊತ್ತಾಗುತ್ತದೆ. 44 ಹಲ್ಲಿನ ಚೈನ್‌ವೀಲ್, 28 ಇಂಚಿನ ಗಾಲಿಗೆ ಫ್ರೀವೀಲ್ 16 ಆದರೆ 6 ಮೀಟರ್, 18 ಆದರೆ 5.4, 20 ಆದರೆ 4.8, 22 ಆದರೆ 4.4. ನನ್ನನ್ನು ಕೇಳಿದರೆ ನಮ್ಮ ಊರುಗಳ ಹೆಚ್ಚಿನ ಸಾದಾ ಸೈಕಲ್‌ಗಳು 20 ಹಲ್ಲಿನೊಂದಿಗೆ ಬರಬೇಕಿತ್ತು. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನ್, ಅಕ್ಕಿ ಮೂಟೆ ಹೇರುವವರಿಗಂತೂ 22 ಬೇಕು. 18 ಎಲ್ಲಾ ಅಂಗಡಿಯಲ್ಲೂ ಇರುತ್ತದೆ. ಬೇರೆಯದನ್ನು ಕೇಳಿ ತರಿಸಬೇಕಾಗಬಹುದು. "ಅದು ಬರಲ್ಲ ಸಾರ್" ಅನ್ನುವ ಉತ್ತರ ಸಿಕ್ಕರೆ ಇನ್ನೊಂದು ಅಂಗಡಿಗೆ ಹೋಗಿ, ಬರುತ್ತದೆ.

ಚೈನ್‌ವೀಲನ್ನೇ ಚಿಕ್ಕದು ಮಾಡಬಾರದಾ ಅಂತ ಕೇಳಬಹುದು. ಹಳೆಯ ಮಾದರಿಯ ಸೈಕಲ್‌ನಲ್ಲಿ ಚೈನ್‌ವೀಲ್ ಬಲಗಡೆಯ ಕ್ರ್ಯಾಂಕ್‌ಗೇ ಸೇರಿಕೊಂಡಿರುತ್ತದೆ. ಕ್ರ್ಯಾಂಕನ್ನು ಹಿಡಿದಿಡುವ ಕಾಟರ್ ಪಿನ್ ಬಡಿದು ತೆಗೆದು ಇಡೀ ಕ್ರ್ಯಾಂಕ್ ಬದಲಾಯಿಸಬೇಕು. ಹಿಂದಿನದನ್ನು ಬದಲಾಯಿಸುವುದೇ ಸಲೀಸು, ಅಗ್ಗ.

ಉತ್ತರ 1.3ಕ್ಕೂ 1.8ಕ್ಕೂ ನಡುವೆ ಬಂದರೆ ಮೂರು ಗೇರ್ ಸಾಕು. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಸ್ತು ಇದೆ: ಹಬ್ಬಿನ, ಅಂದರೆ ಗಾಲಿಯ ನಡುವಿನ ಗುಂಬದ, ಒಳಗೇ ಗೇರ್ ಇರುವ ಗಾಲಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1902ರಲ್ಲಿ ಶುರುವಾದ ಸ್ಟರ್ಮಿ ಆರ್ಚರ್ ಕಂಪನಿ ಇದಕ್ಕೆ ಹೆಸರುವಾಸಿ. ಹಬ್ಬಿನ ಒಳಗೆ ನಡುವೆ ಒಂದು ಹಲ್ಲಿನ ಚಕ್ರ, ಅದರ ಸುತ್ತ ಸೂರ್ಯನ ಸುತ್ತ ಗ್ರಹಗಳ ಹಾಗೆ ತಿರುಗುವ ಚಿಕ್ಕ ಚಕ್ರಗಳು. ನಡುವಿನ ಗೇರ್ ನೇರ. ಕೆಳಗಿನದರಲ್ಲಿ ಗಾಲಿ ಅದರ ನೂರಕ್ಕೆ 75 ಭಾಗ ತಿರುಗುತ್ತದೆ, ಮೇಲಿನದರಲ್ಲಿ 133. ಹೊರಗೆ ಒಂದೇ ಚೈನ್, ಒಂದೇ ಹಲ್ಲಿನ ಚಕ್ರ. ಮಳೆ, ಕೆಸರು, ಧೂಳು ಒಳಗೆ ಹೋಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಿರುವಾಗಲೇ ಗೇರ್ ಇಳಿಸಬಹುದು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಇರುವ ಸೈಕಲ್‌ನಲ್ಲಿ ಅದು ಆಗುವುದಿಲ್ಲ. ಶಿಮಾನೋದ ನೆಕ್ಸಸ್ 3 ಕೂಡ ಹೆಚ್ಚುಕಡಿಮೆ ಇದೇ ಲೆಕ್ಕ.

ಉದಾಹರಣೆಗೆ ನಿಮ್ಮ ಸಮತಟ್ಟಿನ ಸಂಖ್ಯೆ 5, ಏರಿನದು 3.5. ನಡುವಿನ ಗೇರ್ 4.7 ಮೀಟರ್ ಬರುವ ಹಾಗೆ ಹಿಂದಿನ ಹಲ್ಲು ಆರಿಸಿ. ಕೆಳಗಿನದು 3.5 ಆಗುತ್ತದೆ, ಮೇಲಿನದು ಸುಮಾರು 6.2. ಏರು, ಸಮ, ಇಳಿಜಾರು, ಮೂರಕ್ಕೂ ಒಂದೊಂದು. ಕಷ್ಟ ಇರುವುದು ಸಿಗುವುದರಲ್ಲಿ. ನಮ್ಮ ಕಡೆ ಇದನ್ನು ಇಟ್ಟುಕೊಂಡಿರುವ ಅಂಗಡಿ ಅಪರೂಪ. ತರಿಸಿದರೂ ಕಡ್ಡಿ ಹೆಣೆದು ಗಾಲಿ ಕಟ್ಟಿಸಬೇಕು. ಇಂಗ್ಲೆಂಡ್, ನೆದರ್‌ಲೆಂಡ್ಸ್‌ನಲ್ಲಿರುವ ಕನ್ನಡದವರಿಗೆ ಮಾತ್ರ ಸೆಕೆಂಡ್‌ಹ್ಯಾಂಡ್ ಸೈಕಲ್‌ನಲ್ಲೂ ಇದು ಸುಲಭವಾಗಿ ಸಿಗುತ್ತದೆ. ಸಿಕ್ಕರೆ ಬಿಡಬೇಡಿ.

ಹಬ್ಬು ಸಿಗದಿದ್ದರೆ, ಅಥವಾ ಹರವು 2ರ ತನಕ ಇದ್ದರೆ, ಮುಂದೆ ಒಂದೇ ಚೈನ್‌ವೀಲ್, ಹಿಂದೆ ಬೇರೆಬೇರೆ ಹಲ್ಲಿನ 7 ಚಕ್ರಗಳು. ಈಗಾಗಲೇ 21 ಗೇರ್ ಸೈಕಲ್ ಇರುವವರಿಗೆ ಇದು ಪುಕ್ಕಟೆ.

21 ಗೇರಿನ ಒಳಗೆ ಇರುವ 7 ಗೇರ್

ಸಾಮಾನ್ಯವಾದ ಒಂದು ಎಂಟಿಬಿ, ಅಂದರೆ ಮೌಂಟನ್ ಬೈಕ್, ತಗೊಳ್ಳಿ. ಮುಂದೆ 42, 34, 24. ಹಿಂದೆ 14, 16, 18, 20, 22, 24, 28. ಮೂರೇಳಲಿ ಇಪ್ಪತ್ತೊಂದು. ಈಗ ಭಾಗಿಸಿ ನೋಡಿ. ಮುಂದೆ 42, ಹಿಂದೆ 28 ಹಾಕಿದರೆ 1.5. ಮುಂದೆ 24, ಹಿಂದೆ 16 ಹಾಕಿದರೂ 1.5. ಎರಡೂ ಒಂದೇ ಗೇರ್. 34–16, 42–20 ಹೆಚ್ಚುಕಡಿಮೆ ಒಂದೇ. 34–18, 42–22 ಕೂಡ ಹಾಗೇ. ಹೀಗೆ ಒಂದರ ಮೇಲೊಂದು ಕೂರುವುದನ್ನು ತೆಗೆದರೆ ನಿಜವಾಗಿ ಬೇರೆಬೇರೆ ಅನ್ನಿಸುವ ಗೇರ್ ಹನ್ನೆರಡರ ಆಸುಪಾಸು. ಅದರಲ್ಲಿ ಏಳು ನಡುವಿನ 34ರ ಮೇಲೆಯೇ ಇವೆ. 42ರ ಚಕ್ರ ಮೇಲಿನ ಎರಡು ವೇಗದ ಗೇರ್ ಕೊಡುತ್ತದೆ, 24ರದ್ದು ಕೆಳಗಿನ ಮೂರು ಹಗುರದ ಗೇರ್.

26 ಇಂಚಿನ ಗಾಲಿಯಲ್ಲಿ 34ರ ಚಕ್ರದ ಸುತ್ತಿನ ದೂರ ಸುಮಾರು 2.5 ಮೀಟರ್‌ನಿಂದ 5 ಮೀಟರ್. ಮೈಸೂರಿನ ಒಳಗೆ ಓಡಾಡಲು ನನಗೆ ಇಷ್ಟು ಧಾರಾಳ. ನಾನು ಗೇರ್ ಸೈಕಲ್ ತಗೊಂಡ ಮೊದಲ ವರ್ಷ ಇದು ಗೊತ್ತಿರಲಿಲ್ಲ. ಎರಡೂ ಲಿವರ್ ಒತ್ತುತ್ತಾ, ಮಳೆಗಾಲದಲ್ಲಿ ಮುಂದಿನ ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಂಡು, ನಡುದಾರಿಯಲ್ಲಿ ಕೈಗೆ ಗ್ರೀಸ್ ಮಾಡಿಕೊಂಡದ್ದು ಎಷ್ಟು ಸಲವೋ. ಒಂದು ದಿನ ಮುಂದಿನ ಚಕ್ರ ಬದಲಿಸುವ ಎಡಗಡೆಯ ಲಿವರನ್ನು 2ಕ್ಕೆ, ಅಂದರೆ ನಡುವಿನ ಚಕ್ರಕ್ಕೆ, ಇಟ್ಟು ಹಾಗೇ ಬಿಟ್ಟೆ. ಆ ವರ್ಷ ಚಾಮುಂಡಿ ಬೆಟ್ಟ ಹತ್ತುವ ದಿನ ಬಿಟ್ಟರೆ ಮತ್ತೆ ಮುಟ್ಟಲಿಲ್ಲ.

ನೀವೂ ಹಾಗೇ ಮಾಡಿ. ಒಂದು ತಿಂಗಳು ಎಡಗಡೆಯ ಲಿವರ್ 2ರಲ್ಲೇ ಇರಲಿ. ಬಲಗೈಯದನ್ನು ಮಾತ್ರ ಬಳಸಿ. ಒಂದು ಸಲವೂ ಸಾಲದು ಅನ್ನಿಸದಿದ್ದರೆ ನಿಮಗೆ ಉತ್ತರ ಸಿಕ್ಕಿತು. ಮುಂದಿನ ಡಿರೇಲರ್ ಬಿಚ್ಚಿ ಹಾಕಬೇಡಿ. ಹಳ್ಳಕೊಳ್ಳದ ರಸ್ತೆಯಲ್ಲಿ ಚೈನ್ ಆಚೀಚೆ ಬೀಳದ ಹಾಗೆ ಅದು ಕಾವಲಿದ್ದ ಹಾಗೆ. ಅದನ್ನೂ ತೆಗೆದು ಪೂರ್ತಿ ಹಗುರ ಮಾಡಬೇಕು ಅಂದರೆ ಒಂದು ಹಲ್ಲು ದಪ್ಪ, ಪಕ್ಕದ್ದು ತೆಳು, ಹೀಗೆ ಸಾಲಾಗಿ ಇರುವ ಚೈನ್‌ವೀಲ್ ಬರುತ್ತದೆ. ಅಂಗಡಿಯಲ್ಲಿ ನ್ಯಾರೋ ವೈಡ್ ಅಂತ ಕೇಳಿ. ಅದು ಚೈನನ್ನು ಕಚ್ಚಿ ಹಿಡಿಯುತ್ತದೆ. ಆದರೆ ಅಗ್ಗದ ಸೈಕಲ್‌ಗಳಲ್ಲಿ ಮೂರೂ ಚಕ್ರಗಳನ್ನು ಕ್ರ್ಯಾಂಕ್‌ಗೆ ರಿವೆಟ್ ಹೊಡೆದಿರುತ್ತಾರೆ, ಬೇರೆ ಮಾಡಲು ಬರುವುದಿಲ್ಲ. ಮೊದಲು ಬೋಲ್ಟ್ ಇದೆಯಾ ನೋಡಿ.

ಏರಿನಲ್ಲಿ ಸ್ವಲ್ಪವೇ ಸಾಲದಿದ್ದರೆ 14–34ರ ಏಳು ಚಕ್ರದ ಫ್ರೀವೀಲ್ ಹಾಕಿಸಬಹುದು. 14ರಿಂದ 24ರ ತನಕ ಮೊದಲಿನ ಹಾಗೇ, ಕೊನೆಯದು ಮಾತ್ರ ಒಮ್ಮೆಗೇ 34. ಸುತ್ತಿನ ದೂರ ಎರಡು ಮೀಟರ್‌ಗೆ ಇಳಿಯುತ್ತದೆ. 24ರಿಂದ 34ಕ್ಕೆ ಹಾರುವಾಗ ಕಾಲು ಒಮ್ಮೆಲೇ ಹಗುರವಾಗಿ ಜಗ್ಗಿದ ಹಾಗೆ ಅನ್ನಿಸುತ್ತದೆ, ಎರಡು ದಿನದಲ್ಲಿ ರೂಢಿಯಾಗುತ್ತದೆ. ಹಿಂದಿನ ಡಿರೇಲರ್ 34 ಹಲ್ಲಿನ ತನಕ ತಡೆಯುತ್ತದೆಯೇ, ಚೈನ್‌ನ ಉದ್ದ ಸಾಕೇ ಅಂತ ಅಂಗಡಿಯವರ ಹತ್ತಿರ ಕೇಳಿಕೊಂಡೇ ತಗೊಳ್ಳಿ. ಹರವು 3ರ ಹತ್ತಿರ ಬೇಕಾದವರಿಗೆ 11–34ರ ಎಂಟು ಚಕ್ರದ ಕ್ಯಾಸೆಟ್, ಅಂದರೆ ತಿರುಪಿನ ಬದಲು ಹಬ್ಬಿಗೆ ತೂರಿಸುವ ಹಲ್ಲಿನ ಚಕ್ರಗಳ ಗುಂಪು, ಇದೆ. ಅದು ಕೂರುವ ಹಬ್ಬೇ ಬೇರೆ, ಫ್ರೀವೀಲ್ ತಿರುಪು ಹಾಕುವ ಹಬ್ಬಿಗೆ ಅದು ಬರುವುದಿಲ್ಲ.

ಅದಕ್ಕೂ ಮೀರಿ ಬೇಕಾದವರು ಮುಂದಿನ ಮೂರು ಚಕ್ರಗಳನ್ನೇ ಇಟ್ಟುಕೊಳ್ಳಿ. ಆಗುಂಬೆ ಘಾಟಿಯ 14 ತಿರುವುಗಳನ್ನೋ, 1,478 ಮೀಟರ್ ಎತ್ತರದ ನಂದಿ ಬೆಟ್ಟವನ್ನೋ ಆಗಾಗ ಹತ್ತುವವರಿಗೆ ಆ 24 ಹಲ್ಲಿನ ಚಿಕ್ಕ ಚಕ್ರ ಪ್ರಾಣ ಉಳಿಸುತ್ತದೆ. ಸರಳವಾಗಿರಲಿ ಅಂತ ಮೊಣಕಾಲು ಹಾಳು ಮಾಡಿಕೊಳ್ಳಬೇಡಿ.

ಒಂದು ಹಳೆಯ ಉಪಾಯವನ್ನೂ ಹೇಳಬೇಕು. ಟೂರ್ ದ ಫ್ರಾನ್ಸ್ ರೇಸಿನಲ್ಲಿ ಡಿರೇಲರ್ ಬಳಸಲು ಬಿಟ್ಟದ್ದೇ 1937ರಲ್ಲಿ. ಅದಕ್ಕೂ ಮೊದಲು ಆ ಪರ್ವತಗಳನ್ನು ಹತ್ತುತ್ತಿದ್ದವರು ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆಬೇರೆ ಹಲ್ಲಿನ ಚಕ್ರ ಹಾಕಿಕೊಂಡು, ಏರು ಬಂದಾಗ ಇಳಿದು ಗಾಲಿ ತಿರುವಿ ಹಾಕುತ್ತಿದ್ದರು. ಎರಡೂ ಬದಿಗೆ ತಿರುಪು ಇರುವ ಹಬ್ಬು ಈಗಲೂ ಸಿಗುತ್ತದೆ. ವಾರವೆಲ್ಲಾ ಊರಿನೊಳಗೆ 18, ಭಾನುವಾರ ಬೆಟ್ಟಕ್ಕೆ 22. ತಾಳ್ಮೆ ಇರುವವರಿಗೆ ಚೆನ್ನಾಗಿ ಹೊಂದುತ್ತದೆ.

ಫ್ರೀವೀಲ್ ಬದಲಾಯಿಸುವಾಗ

ಅಂಗಡಿಯಲ್ಲೇ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಗಾಲಿ ಬಿಚ್ಚಿದ ಮೇಲೆ ಫ್ರೀವೀಲ್‌ನ ನಡುವೆ ಎರಡೋ ನಾಲ್ಕೋ ಕಚ್ಚು ಕಾಣುತ್ತವೆ. ಅದಕ್ಕೆ ಹೊಂದುವ ರಿಮೂವರ್ ಕೂರಿಸಿ, ಆಕ್ಸಲ್ ನಟ್ ಅನ್ನು ಅದರ ಮೇಲೆ ಕೈಯಲ್ಲೇ ಬಿಗಿ ಮಾಡಬೇಕು. ಇದನ್ನು ಬಿಟ್ಟು ಸುಮ್ನೆ ತಿರುಗಿಸಿದರೆ ರಿಮೂವರ್ ಜಾರಿ ಕಚ್ಚುಗಳು ಸವೆದುಹೋಗುತ್ತವೆ. ಆಮೇಲೆ ಆ ಫ್ರೀವೀಲ್ ಯಾರ ಮಾತೂ ಕೇಳುವುದಿಲ್ಲ. ರಿಮೂವರನ್ನು ವೈಸ್‌ನಲ್ಲಿ ಕಚ್ಚಿಸಿ, ಗಾಲಿಯನ್ನು ಬಸ್ಸಿನ ಸ್ಟೇರಿಂಗ್ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸುತ್ತಾರೆ. ಪ್ರತಿ ಸಲ ಪೆಡಲ್ ತುಳಿದಾಗಲೂ ಈ ತಿರುಪು ಬಿಗಿಯಾಗುತ್ತಲೇ ಬಂದಿರುತ್ತದೆ. ಹಾಗಾಗಿ ವರ್ಷಗಟ್ಟಲೆ ಓಡಿದ ಫ್ರೀವೀಲ್ ಬಿಡುವಾಗ ಟಕ್ ಅಂತ ದೊಡ್ಡ ಶಬ್ದ ಬರುತ್ತದೆ. ಗಾಬರಿಯಾಗಬೇಡಿ. ಶಬ್ದ ಬಂದ ಕೂಡಲೇ ಆಕ್ಸಲ್ ನಟ್ ಸಡಿಲ ಮಾಡಿ ಉಳಿದದ್ದನ್ನು ಬಿಚ್ಚಬೇಕು. ಹೊಸದನ್ನು ಹಾಕುವಾಗ ತಿರುಪಿಗೆ ಗ್ರೀಸ್ ಹಚ್ಚಿಸಿ. ಅದು ಕೈಯಲ್ಲೇ ನಯವಾಗಿ ಕೂರಬೇಕು. ಮೊದಲ ಸುತ್ತಿನಲ್ಲೇ ಬಿಗಿ ಅನ್ನಿಸಿದರೆ ತಿರುಪು ಓರೆಯಾಗಿದೆ, ಬಿಚ್ಚಿ ಮತ್ತೆ ಹಾಕಿಸಿ. ಒತ್ತಾಯ ಮಾಡಿದರೆ ಹಬ್ಬೇ ಹೋಗುತ್ತದೆ.

ಇನ್ನು ಚೈನ್. ಹಳೆಯ ಚೈನ್ ಹಾಗೇ ಇಟ್ಟು ಹೊಸ ಫ್ರೀವೀಲ್ ಹಾಕಿಸಿದ ತಪ್ಪನ್ನು ನಾನು ಮಾಡಿದ್ದೇನೆ. ಎದ್ದು ನಿಂತು ಏರು ಹತ್ತುವಾಗ ಚೈನ್ ಹಲ್ಲಿನ ಮೇಲಿಂದ ಹಾರಿತು. ಮೊಣಕಾಲು ಹ್ಯಾಂಡಲ್‌ಗೆ ಬಡಿದು ಒಂದು ವಾರ ಕುಂಟಿದೆ. ಸವೆದ ಚೈನ್ ಉದ್ದವಾಗಿರುತ್ತದೆ, ಹೊಸ ಹಲ್ಲಿನ ಮೇಲೆ ಕೂರುವುದಿಲ್ಲ. ನೋಡುವುದು ಸುಲಭ. ಇಂಚಿನ ಸ್ಕೇಲ್‌ನ ಸೊನ್ನೆಯನ್ನು ಒಂದು ಪಿನ್‌ನ ನಡುವೆ ಇಡಿ. ಹೊಸ ಚೈನ್‌ನಲ್ಲಿ 12 ಇಂಚಿನ ಗೆರೆಯ ಮೇಲೆ ಸರಿಯಾಗಿ ಇನ್ನೊಂದು ಪಿನ್ ಬರುತ್ತದೆ. ಆ ಪಿನ್ ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಾಯಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಹಲ್ಲುಗಳೂ ಸವೆದಿರುತ್ತವೆ. ಸಾದಾ ಸೈಕಲ್‌ನ ಚೈನ್ ಅಗಲ, ಗೇರ್ ಸೈಕಲ್‌ನದು ತೆಳು. ಅದಲುಬದಲು ಮಾಡಿ ತರಬೇಡಿ.

ಫ್ರೀವೀಲ್ ದೊಡ್ಡದಾದರೆ ಅದೇ ಚೈನ್‌ಗೆ ಗಾಲಿ ಮುಂದಕ್ಕೆ ಬರುತ್ತದೆ. ಒಂದು ಹಲ್ಲಿಗೆ ಸುಮಾರು 3 ಮಿಲಿಮೀಟರ್. 18ರಿಂದ 22ಕ್ಕೆ ಹೋದರೆ 12–13 ಮಿಲಿಮೀಟರ್. ಫೋರ್ಕಿನ ಸೀಳಿನಲ್ಲಿ ಅಷ್ಟು ಜಾಗ ಇದೆಯಾ, ಟಯರ್ ಮಡ್‌ಗಾರ್ಡ್‌ಗೆ ತಾಗುತ್ತಿದೆಯಾ ನೋಡಿ. ಜಾಗ ಇಲ್ಲದಿದ್ದರೆ ಚೈನ್‌ಗೆ ಒಂದು ಇಂಚಿನ ತುಂಡು ಸೇರಿಸಿದರೆ ಆಯಿತು. ಗಾಲಿ ಸರಿದ ಮೇಲೆ ಬ್ರೇಕ್ ಕಟ್ಟೆ ರಿಮ್ ಮೇಲೆ ಸರಿಯಾಗಿ ಕೂರುತ್ತದೆಯೇ ಅಂತ ನೋಡಲೇಬೇಕು. ಇದನ್ನು ಎಷ್ಟೋ ಕಡೆ ಮರೆತುಬಿಡುತ್ತಾರೆ. ಅಕ್ಕನ ಮಗಳ ಸೈಕಲ್‌ನಲ್ಲಿ ಚೈನ್ ಕವರ್ ಕೂಡ ಹೊಸ ಫ್ರೀವೀಲ್‌ಗೆ ಉಜ್ಜುತ್ತಿತ್ತು. ಕ್ಲಾಂಪ್ ಸಡಿಲಿಸಿ ಸ್ವಲ್ಪ ಮೇಲೆತ್ತಿ ಕಟ್ಟಿದೆವು.

ಕೊನೆಗೆ ಬಿಗಿ. ಪೆಡಲ್ ಪೂರ್ತಿ ಒಂದು ಸುತ್ತು ತಿರುಗಿಸಿ ಚೈನ್ ಎಲ್ಲಿ ಹೆಚ್ಚು ಬಿಗಿಯಾಗುತ್ತದೆ ನೋಡಿಕೊಳ್ಳಿ. ಆ ಜಾಗದಲ್ಲೇ ಬೆರಳಿನಿಂದ ಚೈನ್‌ನ ನಡುಭಾಗ ಎತ್ತಿ ಇಳಿಸಿದರೆ ಅರ್ಧ ಇಂಚು ಆಡಬೇಕು. ವೀಣೆಯ ತಂತಿ ಹಾಗೆ ಬಿಗಿದರೆ ಬೇರಿಂಗ್ ಸವೆಯುತ್ತದೆ. ಜೋತುಬಿದ್ದರೆ ಚೈನ್ ಕಳಚುತ್ತದೆ. ನಟ್ ಬಿಗಿ ಮಾಡುವಾಗ ಗಾಲಿ ಎರಡೂ ಕಡೆ ಫೋರ್ಕಿಗೆ ಸಮದೂರದಲ್ಲಿರಲಿ. ಹೊಸ ಚೈನ್ ಆದರೆ ಮೊದಲ ವಾರದಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಎಂಟನೇ ದಿನ ಸ್ಪ್ಯಾನರ್ ತಗೊಂಡು ಗಾಲಿಯನ್ನು ಒಂಚೂರು ಹಿಂದಕ್ಕೆ ಎಳೆದು, ಎರಡೂ ಆಕ್ಸಲ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಫ್ರೀವೀಲ್ ಎಷ್ಟು ಹಲ್ಲಿನದು ಅಂತ ಚೈನ್ ಕವರ್‌ನ ಒಳಬದಿಗೆ ಪೇಂಟಿನಲ್ಲಿ ಬರೆದಿಡಿ. ಮುಂದಿನ ಸಲ ಅಂಗಡಿಗೆ ಹೋದಾಗ ಎಣಿಸುವ ಕೆಲಸ ಇರುವುದಿಲ್ಲ.